ಬ್ಲೇಡ್ ರನ್ನರ್ ಎನ್‌ಹ್ಯಾನ್ಸ್ಡ್ ಎಡಿಷನ್: ಕೊಳ್ಳುವುದು ಹೊಸದು, ಆಡಬೇಕಾದದ್ದು ಹಳೆಯದು

1997ರ ಬ್ಲೇಡ್ ರನ್ನರ್ ಕಂಪ್ಯೂಟರ್ ಆಟವನ್ನು ಈಗ ಆಡಬೇಕು ಅನ್ನುವವರು 2022ರ ಎನ್‌ಹ್ಯಾನ್ಸ್ಡ್ ಎಡಿಷನ್, ಅಂದರೆ ಅದೇ ಆಟದ ಚಿತ್ರ ತಿದ್ದಿ ತಂದ ಹೊಸ ಆವೃತ್ತಿ, ಕೊಂಡರೆ ತಪ್ಪಿಲ್ಲ. ಆದರೆ ಕೊಂಡ ಮೇಲೆ ಅದರ ಜೊತೆ ಸಿಗುವ ಹಳೆಯ ಆಟವನ್ನು ಇನ್‌ಸ್ಟಾಲ್ ಮಾಡಿ, ಅದನ್ನೇ ಆಡಬೇಕು. ಬೆಳಗಾವಿಯಲ್ಲಿ ಎರಡನ್ನೂ ಆಡಿದವರ ಮಾತು ಹೆಚ್ಚುಕಡಿಮೆ ಇದೇ. ಟಿಳಕವಾಡಿಯ ಹಳೆ ಆಟಗಾರರೊಬ್ಬರ ಮಾತಲ್ಲಿ ಹೇಳುವುದಾದರೆ, "ರೊಕ್ಕಾ ಹೊಸಾದಕ್ಕ ಕೊಟ್ಟೀವಿ, ಆಡಿದ್ದು ಮಾತ್ರ ಹಳೇದನ್ನ." ವಿಟಿಯುದಲ್ಲಿ ಓದುವ ಹುಡುಗರು ಸೇಲ್‌ನಲ್ಲಿ ಕೊಂಡು ಮೊದಲ ಸಲ ನೋಡಿದವರು, ಹಳೆಯದರ ನೆನಪೇ ಇಲ್ಲದ ಅವರಿಂದಲೂ ದೂರು ಅದೇ ಬಂತು: "ಕತ್ತಲದಾಗ ಏನೂ ತಿಳೀವಲ್ದು, ಎಲ್ಲಾ ಮಬ್ಬ ಮಬ್ಬ ಐತಿ." ಹಾಗಾಗಿ ಇದನ್ನು ಬರೀ ಹಳೆಯದರ ಮೋಹ ಎಂದು ತಳ್ಳಿಹಾಕುವಂತಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಆಟದ ಕಥೆ 1982ರ ಅದೇ ಹೆಸರಿನ ಸಿನಿಮಾದ ಮಗ್ಗುಲಲ್ಲೇ ನಡೆಯುತ್ತದೆ. 2019ರ ನವೆಂಬರ್, ಮಳೆ ಬಿಡದ ಲಾಸ್ ಏಂಜಲೀಸ್. ರೇ ಮೆಕಾಯ್ ಹೊಸದಾಗಿ ಕೆಲಸಕ್ಕೆ ಸೇರಿದ ಪತ್ತೇದಾರ. ಮನುಷ್ಯರಂತೆಯೇ ಕಾಣುವ ಕೃತಕ ಮನುಷ್ಯರನ್ನು, ಅಂದರೆ ರೆಪ್ಲಿಕಂಟ್‌ಗಳನ್ನು, ಹುಡುಕಿ ಮುಗಿಸುವುದು ಅವನ ನೌಕರಿ. ಮೊದಲ ಕೇಸು ರನ್ಸಿಟರ್ ಎಂಬವನ ಪ್ರಾಣಿ ಅಂಗಡಿಯದು. ನಿಜವಾದ ಪ್ರಾಣಿಗಳೇ ಅಪರೂಪವಾಗಿರುವ ಕಾಲದಲ್ಲಿ ಯಾರೋ ಒಳನುಗ್ಗಿ ಅಲ್ಲಿದ್ದ ಪ್ರಾಣಿಗಳನ್ನು ಕೊಂದು ಹೋಗಿದ್ದಾರೆ. ಆಟ ಮಾಡಿದ್ದು ವೆಸ್ಟ್‌ವುಡ್ ಸ್ಟುಡಿಯೋಸ್, ಕಮಾಂಡ್ ಅಂಡ್ ಕಾಂಕರ್ ಮಾಡಿದ ಲಾಸ್ ವೇಗಸ್‌ನ ಅದೇ ಕಂಪನಿ. ಬಂದದ್ದು 4 ಸಿಡಿಗಳಲ್ಲಿ. ಸಿನಿಮಾದ ಹ್ಯಾರಿಸನ್ ಫೋರ್ಡ್ ಇದರಲ್ಲಿಲ್ಲ. ಆದರೆ ಶಾನ್ ಯಂಗ್, ಜೇಮ್ಸ್ ಹಾಂಗ್, ವಿಲಿಯಂ ಸ್ಯಾಂಡರ್ಸನ್ ಮುಂತಾದವರು ತಮ್ಮ ಪಾತ್ರಗಳಿಗೆ ತಾವೇ ಮತ್ತೆ ದನಿ ಕೊಟ್ಟಿದ್ದಾರೆ. ಸಿನಿಮಾದ ಸಂಗೀತದ ಮೂಲ ಟೇಪು ಸಿಗದೆ, ಕಂಪನಿಯ ಸಂಗೀತಗಾರ ಫ್ರ್ಯಾಂಕ್ ಕ್ಲೆಪಾಕಿ ಅದನ್ನು ಕಿವಿಯಿಂದ ಕೇಳಿಯೇ ಮತ್ತೆ ನುಡಿಸಿ ಕೂಡಿಸಿದರು. ಇವತ್ತು ಹೆಡ್‌ಫೋನ್ ಹಾಕಿ ಕೇಳಿದರೂ ಅದು ಕಡಿಮೆ ಅನ್ನಿಸುವುದಿಲ್ಲ.

ಈ ಆಟದ ಹೆಚ್ಚುಗಾರಿಕೆ ಇರುವುದು ಬೇರೆ ಕಡೆ. ಪ್ರತಿ ಸಲ ಹೊಸ ಆಟ ಶುರು ಮಾಡಿದಾಗ ಕೆಲವು ಪಾತ್ರಗಳು ಮನುಷ್ಯರೋ ರೆಪ್ಲಿಕಂಟ್‌ಗಳೋ ಎಂಬುದನ್ನು ಆಟ ಹೊಸದಾಗಿ ತೀರ್ಮಾನಿಸುತ್ತದೆ. ರೆಪ್ಲಿಕಂಟ್ ಗುಂಪಿನ ನಾಯಕ ಕ್ಲೋವಿಸ್ ಯಾವಾಗಲೂ ರೆಪ್ಲಿಕಂಟೇ. ಆದರೆ ಲೂಸಿ, ಡೆಕ್ಟೋರಾ, ಗೋರ್ಡೊ ಇವರ ಹುಟ್ಟು ಒಂದು ಆಟದಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ಯೂಟ್ಯೂಬ್‌ನಲ್ಲಿ ಬೇರೆಯವರು ಆಡಿದ್ದನ್ನು ನೋಡಿಕೊಂಡು ಲೂಸಿಗೆ ಗುಂಡು ಹೊಡೆದರೆ ನಿಮ್ಮ ಆಟದಲ್ಲಿ ಅವಳು ಬರೀ ಒಬ್ಬ ಹುಡುಗಿಯಾಗಿರಬಹುದು. ನೀವು ಬೇರೆಲ್ಲೋ ಇರುವಾಗ ಪಾತ್ರಗಳು ತಮ್ಮ ಪಾಡಿಗೆ ತಾವು ಓಡಾಡುತ್ತಿರುತ್ತವೆ. ಒಮ್ಮೆ ಸಿಕ್ಕವರು ಇನ್ನೊಮ್ಮೆ ಅದೇ ಜಾಗದಲ್ಲಿ ಸಿಗಲೇಬೇಕೆಂದಿಲ್ಲ. ಅಂತ್ಯಗಳೂ ಹಲವು. 1997ರಲ್ಲಿ ಇದನ್ನೆಲ್ಲ ಒಂದು ಆಟದಲ್ಲಿ ಹೊಂದಿಸಿದ್ದು ಸಣ್ಣ ಕೆಲಸವಲ್ಲ.

ಹೊಸ ಆವೃತ್ತಿ ಎಡವಿದ್ದು ಎಲ್ಲಿ ಎನ್ನುವುದು ತಿಳಿಯಬೇಕಾದರೆ ಹಳೆಯದು ಹೇಗೆ ಕೆಲಸ ಮಾಡುತ್ತಿತ್ತು ಎನ್ನುವುದು ಗೊತ್ತಿರಬೇಕು. ಆಟದ ಪ್ರತಿ ಜಾಗವೂ ಮೊದಲೇ ರೆಂಡರ್ ಮಾಡಿಟ್ಟ, ಅಂದರೆ ಕಂಪ್ಯೂಟರಿನಲ್ಲಿ ಬಿಡಿಸಿಟ್ಟ, ಒಂದು ವಿಡಿಯೋ. ಫ್ಯಾನ್ ತಿರುಗುತ್ತದೆ, ನಿಯಾನ್ ಮಿಣುಕುತ್ತದೆ, ಹೊಗೆ ಏಳುತ್ತದೆ. ಎಲ್ಲವೂ ಮತ್ತೆ ಮತ್ತೆ ಓಡುವ ಸಣ್ಣ ತುಣುಕುಗಳು. ಅಳತೆ 640 ಗುಣಿಸು 480 ಪಿಕ್ಸೆಲ್, ಸೆಕೆಂಡಿಗೆ 15 ಚಿತ್ರ. ಅದರ ಮೇಲೆ ಪಾತ್ರಗಳನ್ನು ಗ್ರಾಫಿಕ್ಸ್ ಕಾರ್ಡಿನ ನೆರವಿಲ್ಲದೆ ಕಂಪ್ಯೂಟರಿನ ಮುಖ್ಯ ಚಿಪ್ಪು, ಅಂದರೆ ಸಿಪಿಯು, ಒಂದೇ ಬಿಡಿಸುತ್ತಿತ್ತು. ಹಿನ್ನೆಲೆಯ ಪ್ರತಿ ಪಿಕ್ಸೆಲ್ ಎಷ್ಟು ದೂರದಲ್ಲಿದೆ ಎಂಬ ಲೆಕ್ಕ ಜೊತೆಗೇ ಇರುತ್ತಿದ್ದರಿಂದ ಮೆಕಾಯ್ ಕಂಬದ ಹಿಂದೆ ಹೋದರೆ ಮರೆಯಾಗುತ್ತಾನೆ, ದೀಪದ ಕೆಳಗೆ ಬಂದರೆ ಕೋಟಿನ ಬಣ್ಣ ಬದಲಾಗುತ್ತದೆ. ಪಾತ್ರಗಳ ಮುಖ ಹತ್ತಿರದಿಂದ ಕಲ್ಲುಕಲ್ಲಾಗಿ ಕಾಣುತ್ತದೆ, ನಿಜ. ಆದರೆ ಹಿನ್ನೆಲೆಯೂ ಅಷ್ಟೇ ಒರಟಾಗಿರುವುದರಿಂದ ಎರಡೂ ಒಂದೇ ಲೋಕದವು ಅನ್ನಿಸುತ್ತವೆ.

ವೆಸ್ಟ್‌ವುಡ್ 2003ರಲ್ಲಿ ಮುಚ್ಚಿತು. ಆಟದ ಮೂಲ ಕೋಡ್ ಕಳೆದುಹೋಗಿತ್ತು. ಹೊಸ ಆವೃತ್ತಿ ಮಾಡಲು ಹೊರಟ ನೈಟ್‌ಡೈವ್ ಸ್ಟುಡಿಯೋಸ್‌ಗೆ ಸಿಕ್ಕಿದ್ದು ಸಿಡಿಯಲ್ಲಿದ್ದ, ಆಗಲೇ ಗಟ್ಟಿಯಾಗಿ ಕಂಪ್ರೆಸ್ ಆಗಿದ್ದ ವಿಡಿಯೋಗಳು ಮಾತ್ರ. ಅವನ್ನು ಸಾಫ್ಟ್‌ವೇರ್‌ನಿಂದ ಹಿಗ್ಗಿಸಿ, 15 ಚಿತ್ರಗಳನ್ನು 60ಕ್ಕೆ ಏರಿಸಿ, ಆಟ ಓಡಿಸುವ ತಮ್ಮದೇ ಸಾಫ್ಟ್‌ವೇರ್ ಆದ ಕೆಕ್ಸ್ ಎಂಜಿನ್‌ಗೆ ಕೂರಿಸಿದರು. ತೊಂದರೆಯ ಬೇರು ಇಲ್ಲಿದೆ. ಹಿಗ್ಗಿಸುವ ಸಾಫ್ಟ್‌ವೇರ್‌ಗೆ ಕಂಪ್ರೆಷನ್ನಿನ ಕಲೆ ಯಾವುದು, ಗೋಡೆಯ ತುಕ್ಕು ಯಾವುದು ಎಂದು ಗೊತ್ತಾಗುವುದಿಲ್ಲ. ಎರಡನ್ನೂ ಕೊಳೆ ಎಂದೇ ತಿಳಿದು ಒರೆಸುತ್ತದೆ. ಕೋಟೆಯ ಕಮಲ ಬಸದಿಯ ಕೆತ್ತನೆಗೆ ದಪ್ಪಗೆ ಆಯಿಲ್ ಪೇಂಟ್ ಬಳಿದರೆ ಹೇಗಿರುತ್ತದೋ ಹಾಗಾಗಿದೆ: ಹೊಳಪು ಬಂತು, ಗೆರೆ ಹೋಯಿತು.

60 ಚಿತ್ರದ ಲೆಕ್ಕ ಇನ್ನೂ ಕೆಟ್ಟದು. ಮೂಲದಲ್ಲಿ ಇರುವುದೇ ಸೆಕೆಂಡಿಗೆ 15. ಉಳಿದ 45 ಚಿತ್ರಗಳು ಹಿಂದಿನ ಮುಂದಿನ ಚಿತ್ರ ನೋಡಿ ಕಂಪ್ಯೂಟರ್ ಊಹಿಸಿ ತುಂಬಿದ್ದು. ಕಾರು ನೇರವಾಗಿ ಹಾರಿ ಹೋಗುವಂಥ ದೃಶ್ಯದಲ್ಲಿ ಈ ಊಹೆ ಸರಿ ಬರುತ್ತದೆ. ಮಳೆಹನಿಗೆ ಬರುವುದಿಲ್ಲ, ಏಕೆಂದರೆ ಒಂದು ಚಿತ್ರದಲ್ಲಿದ್ದ ಹನಿ ಮುಂದಿನ ಚಿತ್ರದಲ್ಲಿ ಇರುವುದೇ ಇಲ್ಲ. ಆಗ ಸಾಫ್ಟ್‌ವೇರ್ ಎರಡು ಬೇರೆ ಹನಿಗಳನ್ನು ಒಂದೆಂದು ತಿಳಿದು ನಡುವೆ ಎಳೆಯುತ್ತದೆ. ಹೊತ್ತಿ ಆರುವ ನಿಯಾನ್ ದೀಪಕ್ಕೂ ಇದೇ ಗತಿ. ಚಕ್ಕನೆ ಆರಬೇಕಾದದ್ದು ಕರಗಿ ಆರುತ್ತದೆ. ಜುಲೈ ತಿಂಗಳಲ್ಲಿ ಬೆಳಗಾವಿಯ ಮಳೆ ಕಿಟಕಿಯಿಂದ ನೋಡಿದವರಿಗೆ ಪರದೆಯ ಮೇಲಿನ ಮಳೆಯಲ್ಲಿ ಏನೋ ಹದ ತಪ್ಪಿದೆ ಎಂದು ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಬೇರೆ ಜಾತಿಯ ಆಟವಾಗಿದ್ದರೆ ಇದನ್ನು ನುಂಗಿಕೊಳ್ಳಬಹುದಿತ್ತು. ಆದರೆ ಇದು ಪತ್ತೇದಾರಿ ಆಟ. ಇಲ್ಲಿ ಚಿತ್ರದಲ್ಲಿ ಕಾಣುವ ಸಣ್ಣ ಗುರುತೇ ಸಾಕ್ಷಿ. ರನ್ಸಿಟರ್ ಅಂಗಡಿಯ ಹೊರಗೆ ಕಾರು ತಗುಲಿದ ಜಾಗದಲ್ಲಿ ಪೇಂಟಿನ ಗುರುತು, ಕ್ರೋಮಿನ ಚೂರು. ಒಳಗೆ ನೆಲದ ಮೇಲೆ ಬಿದ್ದ ಗುಂಡಿನ ಖಾಲಿ ಕೊಳವೆ. ಇವು ದೊಡ್ಡದಾಗಿ ಮಿನುಗಿ ನಾನಿಲ್ಲಿದ್ದೇನೆ ಅನ್ನುವುದಿಲ್ಲ. ಕತ್ತಲ ಮೂಲೆಯಲ್ಲಿ ನಾಲ್ಕಾರು ಪಿಕ್ಸೆಲ್‌ಗಳ ಬೇರೆ ಬಣ್ಣವಾಗಿ ಕೂತಿರುತ್ತವೆ, ಕಣ್ಣು ಅದನ್ನು ಹಿಡಿಯಬೇಕು. ಹಳೆಯ ಚಿತ್ರದಲ್ಲಿ ಒರಟುತನವಿದ್ದರೂ ಅಂಚು ಚೂಪಾಗಿದೆ. ಹೊಸದರಲ್ಲಿ ಅಂಚೇ ಕರಗಿರುವುದರಿಂದ ಕಸಕ್ಕೂ ಸಾಕ್ಷಿಗೂ ವ್ಯತ್ಯಾಸ ಸಿಗುವುದಿಲ್ಲ. ಆಟಗಾರ ಕೊನೆಗೆ ಪರದೆ ತುಂಬ ಮೌಸ್ ಆಡಿಸಿ ಕರ್ಸರ್ ಬದಲಾಗುವುದನ್ನು ಕಾಯುತ್ತಾನೆ. ನೋಡುವ ಕೆಲಸ ಹೋಗಿ ತಡಕಾಡುವ ಕೆಲಸವಾಯಿತು. ಅಂಗಡಿ ಬೋರ್ಡುಗಳ ಮೇಲಿನ ಸಣ್ಣ ಅಕ್ಷರಗಳೂ ಹಾಗೆಯೇ ಕದಡಿವೆ.

ಹೊಸದರ ಪರವಾಗಿ ಹೇಳಬೇಕಾದದ್ದೂ ಇದೆ. ಗೇಮ್ ಕಂಟ್ರೋಲರ್ ಹಿಡಿದು ಸೋಫಾದ ಮೇಲೆ ಕೂತು ಆಡಬಹುದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಎಲ್ಲದರಲ್ಲೂ ಬಂದಿದೆ. ಸ್ವಿಚ್‌ನ ಸಣ್ಣ ಪರದೆಯಲ್ಲಿ ಮಬ್ಬು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಶಹಾಪುರದ ಒಬ್ಬ ಆಟಗಾರನಿಗೆ ಅದೇ ಇಷ್ಟ, ಅವನಿಗೆ ಉಳಿದವರ ಸಿಟ್ಟು ಅತಿ ಅನ್ನಿಸಿದೆ. ಸಬ್‌ಟೈಟಲ್ ಸೇರಿಸಿದ್ದು ಒಳ್ಳೆಯದೇ, ಬಿಡುಗಡೆಯ ಹೊತ್ತಿಗೆ ಅದರಲ್ಲಿ ತಪ್ಪುಗಳಿದ್ದವು ಅಷ್ಟೆ. ಆಡುವವರು ಆಮೇಲೆ ಬಂದ ತಿದ್ದುಪಡಿಗಳನ್ನು, ಅಂದರೆ ಪ್ಯಾಚ್ ಎಲ್ಲ ಹಾಕಿಕೊಂಡೇ ಶುರು ಮಾಡಿ. ಆಟದ ಒಳಗಿನ ಕಥೆ, ಮಾತು, ಆಯ್ಕೆಗಳು ಹಳೆಯವೇ ಆದ್ದರಿಂದ ಇದೊಂದೇ ಸಿಗುವವರಿಗೆ ಆಟ ಪೂರ್ತಿ ಹಾಳೇನಲ್ಲ.

ನಿಜಕ್ಕೂ ಸಿಟ್ಟು ಬರಿಸಿದ್ದು ಬೇರೆ. 2022ರ ಜೂನ್ 23ರಂದು ಹೊಸದು ಬಂದಾಗ, ಗಾಗ್ ಎಂಬ ಆನ್‌ಲೈನ್ ಅಂಗಡಿಯಲ್ಲಿ 2019ರಿಂದ ಮಾರಾಟಕ್ಕಿದ್ದ ಹಳೆಯ ಆಟವನ್ನು ಕಪಾಟಿನಿಂದ ತೆಗೆದುಬಿಟ್ಟಿದ್ದರು. ಒಳ್ಳೆಯದನ್ನು ಮುಚ್ಚಿಟ್ಟು ಕೆಟ್ಟದ್ದನ್ನು ಮಾರಿದಂತಾಯಿತು. ಜಗತ್ತಿನಾದ್ಯಂತ ಆಟಗಾರರು ಬೈದ ಮೇಲೆ ಕೆಲವೇ ದಿನದಲ್ಲಿ ಹಳೆಯದು ವಾಪಸ್ ಬಂತು: ಬಿಡಿಯಾಗಿಯೂ, ಹೊಸದನ್ನು ಕೊಂಡವರಿಗೆ ಜೊತೆಗೂ. ಇದೇ ಕೆಲಸ ಸರಿಯಾಗಿ ಮಾಡುವುದು ಹೇಗೆ ಎಂದು ನೋಡಬೇಕಾದರೆ 1996ರ ಬ್ರೋಕನ್ ಸ್ವೋರ್ಡ್ ಆಟದ 2024ರ ರೀಫೋರ್ಜ್ಡ್ ರೂಪ ನೋಡಿ. ಅಲ್ಲಿ ಹಿನ್ನೆಲೆಗಳನ್ನು 4ಕೆಗೆ ಹೊಸದಾಗಿ ಬಿಡಿಸಿದ್ದಾರೆ, ಜೊತೆಗೆ ಆಡುತ್ತಿರುವಾಗಲೇ ಹಳೆಯ ಚಿತ್ರಕ್ಕೆ ಬದಲಿಸಿಕೊಳ್ಳುವ ಸೌಲಭ್ಯವನ್ನೂ ಒಳಗೇ ಇಟ್ಟಿದ್ದಾರೆ. ಅನುಮಾನ ಬಂದರೆ ಅಲ್ಲೇ ಹೋಲಿಸಿ ನೋಡಿಕೊಳ್ಳಬಹುದು.

ಹಳೆಯ ಆಟ ಇವತ್ತಿನ ಕಂಪ್ಯೂಟರಿನಲ್ಲಿ ಓಡುವುದು ಸ್ಕಮ್‌ವಿಎಂ ಎಂಬ ಉಚಿತ ಸಾಫ್ಟ್‌ವೇರ್‌ನಿಂದ. ಸ್ವಯಂಸೇವಕರು ವರ್ಷಗಟ್ಟಲೆ ಕೂತು ಆಟವನ್ನು ಬಿಚ್ಚಿ ಓದಿ, ಎಂಜಿನ್ನನ್ನು ಮತ್ತೆ ಬರೆದು, 2019ರಲ್ಲಿ ಬಿಡುಗಡೆ ಮಾಡಿದರು. ಮೂಲ ಆಟವನ್ನು ಇವತ್ತಿನ ವೇಗದ ಸಿಪಿಯು ಮೇಲೆ ನೇರ ಓಡಿಸಿದರೆ ಆಟದ ಒಳಗಿನ ಗಡಿಯಾರ ದಾರಿ ತಪ್ಪುತ್ತದೆ. ಸ್ಕಮ್‌ವಿಎಂ ಅದನ್ನು ಸರಿಹಿಡಿಯುತ್ತದೆ. ಗಾಗ್‌ನಿಂದ ಕೊಂಡರೆ ಎಲ್ಲ ಸಿದ್ಧವಾಗಿಯೇ ಬರುತ್ತದೆ.

ಹಳೆ 4 ಸಿಡಿ ಇನ್ನೂ ಯಾರ ಕಪಾಟಿನಲ್ಲಾದರೂ ಇದ್ದರೆ ಅವನ್ನೂ ಬಳಸಬಹುದು. ನಾಲ್ಕರ ಫೈಲುಗಳನ್ನೂ ಒಂದೇ ಫೋಲ್ಡರಿಗೆ ನಕಲು ಮಾಡಿ. ಒಂದು ಎಚ್ಚರ: ಸಿಡಿಫ್ರೇಮ್ಸ್ ಎಂಬ ಡಿಎಟಿ ಫೈಲು ನಾಲ್ಕೂ ಸಿಡಿಯಲ್ಲಿ ಅದೇ ಹೆಸರಿನಲ್ಲಿದೆ. ಹಾಗೇ ನಕಲು ಮಾಡಿದರೆ ಒಂದರ ಮೇಲೊಂದು ಬರೆದುಕೊಂಡು ಕೊನೆಯದೊಂದೇ ಉಳಿಯುತ್ತದೆ, ಆಟ ಓಡುವುದಿಲ್ಲ. ಪ್ರತಿಯೊಂದನ್ನೂ ನಕಲು ಮಾಡಿದ ತಕ್ಷಣ ಹೆಸರಿನ ಕೊನೆಗೆ ಆ ಸಿಡಿಯ ಸಂಖ್ಯೆ 1, 2, 3, 4 ಸೇರಿಸಿ. ಆಮೇಲೆ ಸ್ಕಮ್‌ವಿಎಂನಲ್ಲಿ ಆಡ್ ಗೇಮ್ ಒತ್ತಿ ಫೋಲ್ಡರ್ ತೋರಿಸಿದರೆ ಎರಡು ಆಯ್ಕೆ ಬರುತ್ತವೆ: ಒಂದು ಮೂಲ ಆಟ, ಇನ್ನೊಂದು ಆಗ ಕತ್ತರಿಸಿ ಬಿಟ್ಟಿದ್ದ ಮಾತು ದೃಶ್ಯಗಳನ್ನು ಮತ್ತೆ ಸೇರಿಸಿದ್ದು. ಮೊದಲ ಸಲ ಮೂಲವನ್ನೇ ಆರಿಸಿ. ಕತ್ತರಿಸಿದ್ದರಲ್ಲಿ ಕೆಲವನ್ನು ಕತ್ತರಿಸಿದ್ದೇ ಸರಿ ಅನ್ನಿಸುವಂತಿದೆ.

1997ರ ಆಟದಲ್ಲಿ ಇಂಗ್ಲಿಷ್ ಸಬ್‌ಟೈಟಲ್ ಇರಲಿಲ್ಲ. ನಮ್ಮ ಕಡೆಯವರಿಗೆ ಇದು ದೊಡ್ಡ ಅಡ್ಡಿ, ಏಕೆಂದರೆ ಅರ್ಧ ಸುಳಿವು ಮಾತಿನಲ್ಲೇ ಇದೆ. ಗ್ಯಾಫ್ ಎಂಬ ಪೊಲೀಸ್ ಬಂದರಂತೂ ನಾಲ್ಕಾರು ಭಾಷೆ ಕಲಸಿ ಮಾತಾಡುತ್ತಾನೆ. ಸ್ಕಮ್‌ವಿಎಂ ತಾಣದಲ್ಲಿ ಸಬ್‌ಟೈಟಲ್ಸ್ ಎಂಬ ಒಂದು ಎಂಐಎಕ್ಸ್ ಫೈಲು ಸಿಗುತ್ತದೆ. ಅದನ್ನು ಇಳಿಸಿ ಆಟದ ಫೋಲ್ಡರಿನಲ್ಲಿ ಹಾಕಿ, ಆಡಿಯೋ ಆಯ್ಕೆಯಲ್ಲಿ ಮಾತು ಮತ್ತು ಅಕ್ಷರ ಎರಡೂ ಬೇಕೆಂದು ಹೇಳಬೇಕು. ಕನ್ನಡದಲ್ಲಿ ಇಲ್ಲ.

ಪರದೆಯ ಹೊಂದಾಣಿಕೆಗೆ ಸ್ವಲ್ಪ ಗಮನ ಕೊಡಿ. 1080 ಸಾಲಿನ ಮಾನಿಟರಿನಲ್ಲಿ 480ನ್ನು ಪೂರ್ತಿ ಎಳೆದರೆ 2.25 ಪಟ್ಟು ಆಗುತ್ತದೆ. ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳು. ಸರಿಯಾಗಿ 2 ಪಟ್ಟು ಇಟ್ಟು 1280 ಗುಣಿಸು 960ರಲ್ಲಿ ಆಡಿದರೆ ಸುತ್ತ ಕಪ್ಪು ಪಟ್ಟಿ ಬರುತ್ತದೆ, ಆದರೆ ಚಿತ್ರ ಚೊಕ್ಕ. ಹಾಸ್ಟೆಲ್‌ಗಳಲ್ಲಿ ಹೆಚ್ಚಾಗಿ ಕಾಣುವ 1366 ಗುಣಿಸು 768ರ ಲ್ಯಾಪ್‌ಟಾಪ್‌ಗಳಲ್ಲಿ 2 ಪಟ್ಟು ಹಿಡಿಸುವುದಿಲ್ಲ. ಅಲ್ಲಿ ಪೂರ್ತಿ ಎತ್ತರಕ್ಕೆ ಎಳೆದು, ಪಿಕ್ಸೆಲ್ ಅಂಚು ನಯಮಾಡುವ ಫಿಲ್ಟರಿಂಗ್ ಆನ್ ಮಾಡುವುದೇ ವಾಸಿ. ಅಗಲಕ್ಕೆ ಎಳೆಯಬೇಡಿ, ಮೆಕಾಯ್ ಡುಮ್ಮ ಆಗುತ್ತಾನೆ.

ಇನ್ನೊಂದು ಸಣ್ಣ ಆಯ್ಕೆ, ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಮೂಲದಲ್ಲಿ ಮೆಕಾಯ್ ಓಡುತ್ತಲೇ ಇರಬೇಕಾದರೆ ಮೌಸ್ ಒತ್ತುತ್ತಲೇ ಇರಬೇಕು. ಬಿಟ್ಟ ಕೂಡಲೇ ಸುಸ್ತಾಗಿ ನಡೆಯತೊಡಗುತ್ತಾನೆ. ಬೆನ್ನಟ್ಟುವ ದೃಶ್ಯಗಳಲ್ಲಿ ಜೀವ ಹೋಗುವುದು ಇದರಿಂದಲೇ. ಸ್ಕಮ್‌ವಿಎಂನ ಗೇಮ್ ಆಪ್ಷನ್ಸ್‌ನಲ್ಲಿ ಮೆಕಾಯ್ ಬೇಗ ಸುಸ್ತಾಗುವುದನ್ನು ನಿಲ್ಲಿಸುವ ಗುರುತು ಇದೆ. ಟಚ್‌ಪ್ಯಾಡ್‌ನಲ್ಲಿ ಆಡುವವರು ಅದನ್ನು ಹಾಕಿಕೊಳ್ಳಲೇಬೇಕು. ಆಂಡ್ರಾಯ್ಡ್ ಫೋನಿನಲ್ಲೂ ಸ್ಕಮ್‌ವಿಎಂ ಓಡುತ್ತದೆ, ಆಟದ ಫೈಲುಗಳಿಗೆ 3 ಜಿಬಿ ಜಾಗ ಬಿಡಿಸಿಟ್ಟರೆ ಸಾಕು. ಆದರೆ ಆ ಪಿಕ್ಸೆಲ್ ಸುಳಿವುಗಳನ್ನು ಬೆರಳಿನಿಂದ ಹಿಡಿಯುವುದು ಪರದಾಟ.

ಆಟದೊಳಗೆ ಹೊಸಬರು ಎಡವುವ ಜಾಗಗಳು ಒಂದೇ ಥರದವು. ಮೊದಲನೆಯದು ಕೆಐಎ. ಮೆಕಾಯ್ ಮೇಲೆ ಕ್ಲಿಕ್ ಮಾಡಿದರೆ ತೆರೆದುಕೊಳ್ಳುವ ಈ ಯಂತ್ರದಲ್ಲಿ ಎಲ್ಲ ಸುಳಿವೂ ಕೂಡುತ್ತದೆ. ಅಪರಾಧದ ಜಾಗದ ಪ್ರಕಾರವೋ, ಶಂಕಿತರ ಪ್ರಕಾರವೋ ಜೋಡಿಸಿ ನೋಡಬಹುದು. ಆದರೆ ಪೊಲೀಸ್ ಠಾಣೆಯ ದೊಡ್ಡ ಕಂಪ್ಯೂಟರಿಗೆ ಅದನ್ನು ಅಪ್‌ಲೋಡ್ ಮಾಡದಿದ್ದರೆ ಬೇರೆ ಪತ್ತೇದಾರರು, ಮುಖ್ಯವಾಗಿ ಕ್ರಿಸ್ಟಲ್ ಸ್ಟೀಲ್, ಕಂಡುಹಿಡಿದದ್ದು ನಿಮಗೆ ಸಿಗುವುದಿಲ್ಲ. ಠಾಣೆಗೆ ಹೋದಾಗಲೆಲ್ಲ ಅಪ್‌ಲೋಡ್ ಮಾಡಿ, ಸಿಕ್ಕ ವಸ್ತುಗಳನ್ನು ಪ್ರಯೋಗಾಲಯದ ಡೀನೋ ಕ್ಲೈನ್‌ಗೆ ಕೊಡಿ. ಕಥೆ ಮುಂದೆ ಹೋಗುತ್ತಿಲ್ಲ ಎಂಬ ದೂರುಗಳಲ್ಲಿ ಬಹಳಷ್ಟು ಇಲ್ಲಿಗೇ ಬಂದು ನಿಲ್ಲುತ್ತವೆ.

ಫೋಟೋ ಹಿಗ್ಗಿಸಿ ನೋಡುವ ಎಸ್ಪರ್ ಯಂತ್ರ ಆಟದ ಅತಿ ಚೆಂದದ ಭಾಗ. ಫೋಟೋ ಹಾಕಿ, ಮೌಸ್‌ನಿಂದ ಒಂದು ಚೌಕ ಎಳೆದರೆ ಆ ಭಾಗ ಹತ್ತಿರ ಬರುತ್ತದೆ. ಅದರೊಳಗೆ ಮತ್ತೆ ಚೌಕ, ಮತ್ತೆ ಹತ್ತಿರ. ಸರಿಯಾದ ಜಾಗ ಸಿಕ್ಕರೆ ಯಂತ್ರವೇ ಅದರ ಪ್ರತಿ ತೆಗೆದು ಕೆಐಎಗೆ ಸೇರಿಸುತ್ತದೆ. ದೊಡ್ಡ ಚೌಕ ಎಳೆದು ಒಂದೇ ಸಲಕ್ಕೆ ಮುಗಿಸಲು ಹೋಗಬೇಡಿ. ಕನ್ನಡಿ, ಬಾಗಿಲ ಸಂದು, ಹಿಂದಿನ ಸಾಲಿನ ಮುಖ, ಹೀಗೆ ಸಣ್ಣ ಸಣ್ಣ ಚೌಕ. ಒಂದು ಪ್ರತಿ ಸಿಕ್ಕಿತೆಂದು ಎದ್ದು ಹೋಗುವವರೇ ಹೆಚ್ಚು. ಒಂದೇ ಫೋಟೋದಲ್ಲಿ ಒಂದಕ್ಕಿಂತ ಹೆಚ್ಚು ಸುಳಿವು ಇರುತ್ತವೆ.

ಎದುರಿನವರು ಮನುಷ್ಯರೋ ರೆಪ್ಲಿಕಂಟೋ ಎಂದು ಪ್ರಶ್ನೆ ಕೇಳಿ ತಿಳಿಯುವ ವಾಯ್ಟ್-ಕಾಂಫ್ ಪರೀಕ್ಷೆಯಲ್ಲಿ ಪ್ರಶ್ನೆಗಳಿಗೆ ಮೂರು ಹಂತದ ತೀವ್ರತೆ. ಶುರುವಿಗೇ ಖಾರದ ಪ್ರಶ್ನೆ ಕೇಳಿದರೆ ಎದುರಿನವರು ಕೆರಳಿ ಪರೀಕ್ಷೆ ಅರ್ಧಕ್ಕೇ ನಿಲ್ಲುತ್ತದೆ. ಮೆತ್ತಗಿನಿಂದ ಶುರು ಮಾಡಿ, ಮನುಷ್ಯ ಕಡೆಗೋ ರೆಪ್ಲಿಕಂಟ್ ಕಡೆಗೋ ಮುಳ್ಳು ವಾಲುವುದನ್ನು ನೋಡಿಕೊಂಡು ಏರಿಸಿ. ಮಾತುಕತೆಗೆ ಮೆಕಾಯ್‌ನ ಗುಣವನ್ನು ಸೆಟ್ಟಿಂಗ್‌ನಲ್ಲಿ ಆರಿಸಬಹುದು: ಮರ್ಯಾದಸ್ಥ, ಸಾಮಾನ್ಯ, ಸಿಡುಕ, ತಿಕ್ಕಲು. ಇವುಗಳಲ್ಲಿ ಒಂದನ್ನು ಇಟ್ಟರೆ ಅವನೇ ಮಾತು ಆರಿಸಿಕೊಂಡು ಹೋಗುತ್ತಾನೆ. ಐದನೆಯದು ಆಟಗಾರನೇ ಆರಿಸುವುದು. ಅದನ್ನು ಇಡದೇ ಆಡಿದರೆ ಪತ್ತೇದಾರಿ ಮಾಡಿದ್ದು ನೀವಲ್ಲ, ಮೆಕಾಯ್.

ಪಿಸ್ತೂಲಿನ ವಿಷಯ. ರೈಟ್ ಕ್ಲಿಕ್ ಮಾಡಿದರೆ ಹೊರಗೆ ಬರುತ್ತದೆ, ಮತ್ತೆ ಮಾಡಿದರೆ ಒಳಗೆ. ಚೈನಾಟೌನ್‌ನ ಅಡುಗೆಯವ ಝೂಬೆನ್ ಓಡಿದಾಗ ಅವನ ಬೆನ್ನು ಹತ್ತಿ ಕತ್ತಲ ಗಲ್ಲಿಗೆ ನುಗ್ಗುತ್ತೀರಿ. ಅಲ್ಲಿ ಅಲುಗಿದ್ದಕ್ಕೆಲ್ಲ ಗುಂಡು ಹೊಡೆಯಬೇಡಿ. ಆ ಗಲ್ಲಿಯಲ್ಲಿ ಮನೆಯಿಲ್ಲದ ಬಡವನೊಬ್ಬ ಇದ್ದಾನೆ. ಅವನು ಸತ್ತರೆ ಹೆಣವನ್ನು ಕಸದ ತೊಟ್ಟಿಗೆ ಹಾಕುವ ಅವಕಾಶವನ್ನೂ ಆಟ ಕೊಡುತ್ತದೆ. ಆಟ ನಿಮ್ಮನ್ನು ತಡೆಯುವುದಿಲ್ಲ, ಬೈಯುವುದೂ ಇಲ್ಲ, ನೆನಪಿಟ್ಟುಕೊಳ್ಳುತ್ತದೆ ಅಷ್ಟೆ. ಝೂಬೆನ್‌ನನ್ನು ಮುಗಿಸುವುದೋ ಬಿಡುವುದೋ ನಿಮಗೆ ಬಿಟ್ಟದ್ದು, ಕಥೆ ಎರಡು ಕಡೆಗೂ ಹೋಗುತ್ತದೆ. ಗಲ್ಲಿಗೆ ಹೋಗುವ ಮುಂಚೆ ಒಂದು ಸೇವ್ ಬೇರೆ ಹೆಸರಿನಲ್ಲಿ ಇಡಿ. ಸಂಜೆ ಹೊತ್ತು ಕರೆಂಟ್ ಹೋಗುವ ಬಡಾವಣೆಯವರು ಡೆಸ್ಕ್‌ಟಾಪ್‌ನಲ್ಲಿ ಆಡುತ್ತಿದ್ದರೆ ಪ್ರತಿ ಜಾಗ ಬದಲಿಸಿದಾಗಲೂ ಸೇವ್ ಮಾಡುವುದು ಕ್ಷೇಮ.

ಕೊಳ್ಳುವ ಬಗ್ಗೆ. ಗಾಗ್‌ನಲ್ಲಿ ಕೊಳ್ಳುವುದೇ ಸೂಕ್ತ. ಖರೀದಿಸುವ ಮುಂಚೆ ಪುಟದಲ್ಲಿ ಹಳೆಯ ಆಟವೂ ಸೇರಿದೆ ಎಂದು ಬರೆದಿದೆಯೇ ನೋಡಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವಹಿವಾಟು ಆನ್ ಇಲ್ಲದಿದ್ದರೆ ಪಾವತಿ ಬೀಳುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿಕೊಳ್ಳಿ. ಅಲ್ಲಿ ಇಷ್ಟವಾಗದಿದ್ದರೆ 30 ದಿನದೊಳಗೆ ಹಣ ವಾಪಸ್ ಕೇಳಬಹುದು. ಸ್ಟೀಮ್ ಎಂಬ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಯುಪಿಐ ನಡೆಯುತ್ತದೆ, ಕೆಲಸ ಸುಲಭ. ಆದರೆ ಅಲ್ಲಿ ಹಣ ವಾಪಸ್ ಬೇಕಾದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. ರನ್ಸಿಟರ್ ಅಂಗಡಿ, ಠಾಣೆ, ಝೂಬೆನ್‌ನ ಗಲ್ಲಿ ಇಷ್ಟು ನೋಡಲು ಅಷ್ಟು ಸಮಯ ಸಾಕು. ಮಬ್ಬು ನಿಮಗೆ ಸಹ್ಯವೋ ಅಲ್ಲವೋ ಅಷ್ಟರೊಳಗೆ ಗೊತ್ತಾಗುತ್ತದೆ.

ಸ್ಕಮ್‌ವಿಎಂ ಆಯ್ಕೆಗಳಲ್ಲಿ ಸಿಟ್‌ಕಾಮ್ ಮೋಡ್, ಶಾರ್ಟಿ ಮೋಡ್ ಎಂಬ ಎರಡು ಕಾಣುತ್ತವೆ. ಇವು ಮೂಲ ಆಟದಲ್ಲೇ ಅಡಗಿಸಿಟ್ಟಿದ್ದ ತಮಾಷೆ. ಮೊದಲನೆಯದರಲ್ಲಿ ಮಾತುಮಾತಿಗೆ ಹಿನ್ನೆಲೆಯಲ್ಲಿ ಜನ ನಗುತ್ತಾರೆ, ಎರಡನೆಯದರಲ್ಲಿ ಎಲ್ಲರೂ ಕುಳ್ಳರಾಗುತ್ತಾರೆ. ಒಂದು ಸಲ ಆಟ ಮುಗಿಸಿದ ಮೇಲೆ ಹಾಕಿ ನೋಡಿ. ಮುಂಚೆಯೇ ಹಾಕಿದರೆ ಠಾಣೆಯಲ್ಲಿ ಮೇಲಧಿಕಾರಿ ಗುಝ್ಝಾ ಸಾಹೇಬರು ಮೆಕಾಯ್‌ಗೆ ಬೈಯುವಾಗಲೂ ಹಿಂದೆ ಜನ ನಗುತ್ತಿರುತ್ತಾರೆ.